ಅಣ್ಣನ ಭುಜದ ಆಪರೇಷನ್: ಮೈಸೂರಿನ ಆಸ್ಪತ್ರೆಗಳು ಹೇಳಿದ ದರ, ನಾವು ಕಟ್ಟಿದ ಬಿಲ್

ಭುಜದ ಕೀ ಹೋಲ್ ಆಪರೇಷನ್‌ಗೆ ಮೈಸೂರಲ್ಲಿ ಎಷ್ಟಾಗುತ್ತೆ ಅಂತ ಕೇಳಿದರೆ ಒಂದೇ ಉತ್ತರ ಸಿಗುವುದಿಲ್ಲ. ನಾವು ಒಂದೇ ಎಂಆರ್‌ಐ ರಿಪೋರ್ಟ್ ಹಿಡಿದುಕೊಂಡು ಹೋದರೂ ಒಂದು ಕಡೆ 2,10,000 ಅಂದರು. ಇನ್ನೊಂದು ಕಡೆ 1,23,600 ಅಂತ ಬರೆದುಕೊಟ್ಟರು. ಮತ್ತೊಂದು ಕಡೆ ‘ಎಲ್ಲಾ ಸೇರಿ ಒಂದು ನಲವತ್ತು’, ಅಂದರೆ 1,40,000, ಅಂತ ಬಾಯಲ್ಲೇ ಹೇಳಿದರು. ಕೊನೆಗೆ ನಮಗೆ ಬಂದ ಬಿಲ್ 1,47,000 ರೂಪಾಯಿ. ಈ ಅಂಕಿಗಳ ನಡುವೆ ಏನೇನಿದೆ ಅಂತ ತಿಳಿದುಕೊಳ್ಳಲು ನನಗೆ ತುಂಬಾ ಓಡಾಟವಾಯಿತು. ಇದೇ ತೊಂದರೆಯಲ್ಲಿ ಇರುವವರಿಗೆ ಸ್ವಲ್ಪ ಸುಲಭವಾಗಲಿ ಅಂತ ಬರೆಯುತ್ತಿದ್ದೇನೆ.

ನಾನು ಅಶೋಕ ರಸ್ತೆಯ ಪೇಂಟ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವಳು. ಅಣ್ಣ ಮನೆಗಳಿಗೆ ಬಣ್ಣ ಹೊಡೆಸುವ ಕಂಟ್ರಾಕ್ಟರ್. ಕೈಕೆಳಗೆ ಹುಡುಗರಿದ್ದಾರೆ, ಆದರೂ ಸೀಲಿಂಗ್ ಮತ್ತು ಮೆಟ್ಟಿಲ ಪಕ್ಕದ ಎತ್ತರದ ಗೋಡೆ ಅವನೇ ಹೊಡೆಯುತ್ತಾನೆ. ವಯಸ್ಸು 52, ಶುಗರ್ ಇದೆ. ಮೇ ತಿಂಗಳಲ್ಲಿ ಕುವೆಂಪುನಗರದ ಒಂದು ಮನೆಯಲ್ಲಿ ಏಣಿಯಿಂದ ಜಾರಿ ಬಲ ಭುಜದ ಮೇಲೆ ಬಿದ್ದ. ಮುಲಾಮು ಹಚ್ಚಿದ, ಬಿಸಿನೀರಿನ ಶಾಖ ಕೊಟ್ಟ. ಕೈ ಮಾತ್ರ ಕಿವಿಯ ಮಟ್ಟಕ್ಕೂ ಏಳಲಿಲ್ಲ. ರಾತ್ರಿ ಆ ಮಗ್ಗುಲಿಗೆ ಮಲಗಲು ಆಗುತ್ತಿರಲಿಲ್ಲ.

ಆಸ್ಪತ್ರೆಗಳ ಹೆಸರು ಬರೆಯುವುದಿಲ್ಲ. ದರ ಬದಲಾಗುತ್ತಿರುತ್ತದೆ, ಡಾಕ್ಟರೂ ಬದಲಾಗುತ್ತಾರೆ. ಒಂದು ಮನೆಯವರ ಅನುಭವದ ಮೇಲೆ ಒಂದು ಆಸ್ಪತ್ರೆಗೆ ಹೆಸರು ಕೊಡುವುದೂ ಸರಿಯಲ್ಲ, ಕೆಡಿಸುವುದೂ ಸರಿಯಲ್ಲ. ಯಾವ ಬಗೆಯ ಆಸ್ಪತ್ರೆ, ಏನು ಹೇಳಿದರು, ಏನು ಹೇಳಲಿಲ್ಲ ಅನ್ನುವುದು ಗೊತ್ತಾದರೆ ಸಾಕು.

ಮೊದಲು ಏನಾಗಿತ್ತು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ದರ ಅರ್ಥವಾಗುವುದಿಲ್ಲ. ಭುಜದ ಗುಂಡಿನ ಸುತ್ತ ನಾಲ್ಕು ಸ್ನಾಯುಗಳ ತುದಿಗಳು ಮೂಳೆಗೆ ಅಂಟಿಕೊಂಡಿರುತ್ತವೆ. ಇವೆಲ್ಲಾ ಸೇರಿದರೆ ರೊಟೇಟರ್ ಕಫ್. ಅದರಲ್ಲಿ ಮೇಲ್ಗಡೆ ಇರುವ ಸುಪ್ರಾಸ್ಪೈನೇಟಸ್ ಹೆಚ್ಚಾಗಿ ಹರಿಯುವುದು. ಅಣ್ಣನಿಗೂ ಅದೇ, ಪೂರ್ತಿ ಹರಿದಿತ್ತು. ಆಪರೇಷನ್‌ನಲ್ಲಿ ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಬಿಡುತ್ತಾರೆ. ಮೂಳೆಯೊಳಗೆ ಆಂಕರ್ ಅನ್ನುವ ಪುಟ್ಟ ಮೊಳೆ ಕೂರಿಸಿ, ಅದಕ್ಕಿರುವ ದಾರದಿಂದ ಹರಿದ ತುದಿಯನ್ನು ಎಳೆದು ಮೂಳೆಗೆ ಕಟ್ಟುತ್ತಾರೆ. ಈ ಆಂಕರ್ ಅನ್ನುವ ಹೆಸರು ನೆನಪಿಡಿ. ದರದ ವ್ಯತ್ಯಾಸದಲ್ಲಿ ದೊಡ್ಡ ಪಾಲು ಅದರದ್ದೇ.

ದರ ಕೇಳುವ ಮುಂಚೆ ಇನ್ನೊಂದು ಪ್ರಶ್ನೆ ಇದೆ. ಆಪರೇಷನ್ ಬೇಕೇ ಬೇಕಾ? ನಾವು ಬೇರೆ ಬೇರೆ ಆಸ್ಪತ್ರೆಯ ಇಬ್ಬರು ಮೂಳೆ ಡಾಕ್ಟರಿಗೆ ತೋರಿಸಿದೆವು. ಕನ್ಸಲ್ಟೇಶನ್ ಒಂದು ಕಡೆ 500, ಇನ್ನೊಂದು ಕಡೆ 900. ಇಡೀ ಖರ್ಚಿನಲ್ಲಿ ಅತಿ ಒಳ್ಳೆಯ ಖರ್ಚು ಇದು ಅಂತ ನನ್ನ ಅಭಿಪ್ರಾಯ. ವಯಸ್ಸಾದವರಲ್ಲಿ ಸವೆದು ಹರಿದಿದ್ದರೆ ಎಷ್ಟೋ ಸಲ ಫಿಸಿಯೋಥೆರಪಿಯಲ್ಲೇ ನೋವು ಇಳಿದು ಕೆಲಸ ನಡೆಯುತ್ತದೆ. ಫ್ರೋಜನ್ ಶೋಲ್ಡರ್, ಅಂದರೆ ಭುಜ ಬಿಗಿದುಕೊಳ್ಳುವ ತೊಂದರೆ, ಆದರೆ ಬಹುಪಾಲು ಜನರಿಗೆ ಆಪರೇಷನ್ ಬೇಕಾಗುವುದೇ ಇಲ್ಲ. ಶುಗರ್ ಇರುವವರಿಗೆ ಅದು ಜಾಸ್ತಿ ಬರುತ್ತದೆ, ಹಾಗಾಗಿ ಮೊದಲು ಅಣ್ಣನದೂ ಅದೇ ಇರಬಹುದು ಅಂತ ಮಾತು ಬಂದಿತ್ತು. ಎಂಆರ್‌ಐ ಆದ ಮೇಲೆ ಇಬ್ಬರೂ ಒಂದೇ ಮಾತು ಹೇಳಿದರು. ಬಿದ್ದ ಪೆಟ್ಟಿಗೆ ಪೂರ್ತಿ ಹರಿದಿದೆ, ಕೈ ಎತ್ತಿ ದುಡಿಯುವ ಮನುಷ್ಯ, ತಡ ಮಾಡಿದರೆ ಸ್ನಾಯು ಸೊರಗಿ ಹಿಂದಕ್ಕೆ ಸರಿಯುತ್ತದೆ, ಆಮೇಲೆ ಎಳೆದು ಕಟ್ಟುವುದು ಕಷ್ಟ. ಇಬ್ಬರು ಹೇಳಿದ ಮೇಲೆ ಮನಸ್ಸಿಗೆ ಧೈರ್ಯ ಬಂತು.

ಎಂಆರ್‌ಐ ದರವೂ ಒಂದೇ ಊರಲ್ಲಿ ಬೇರೆ ಬೇರೆ. ಕಾರ್ಪೊರೇಟ್ ಆಸ್ಪತ್ರೆಯಲ್ಲಿ 8,500, ಟ್ರಸ್ಟ್ ಆಸ್ಪತ್ರೆಯಲ್ಲಿ 6,000, ಹೊರಗಿನ ಸ್ಕ್ಯಾನ್ ಸೆಂಟರ್‌ನಲ್ಲಿ 5,500. ನಾವು ಟ್ರಸ್ಟ್ ಆಸ್ಪತ್ರೆಯಲ್ಲಿ ಮಾಡಿಸಿದೆವು. ಬರೀ ರಿಪೋರ್ಟ್ ಅಲ್ಲ, ಫಿಲ್ಮ್ ಮತ್ತು ಸಿ.ಡಿ. ಎರಡೂ ಕೇಳಿ ತೆಗೆದುಕೊಳ್ಳಿ. ಸಿ.ಡಿ. ಇದ್ದರೆ ಬೇರೆ ಡಾಕ್ಟರು ತಮ್ಮ ಕಂಪ್ಯೂಟರ್‌ನಲ್ಲಿ ಹಾಕಿ ನೋಡುತ್ತಾರೆ, ಮತ್ತೆ ಸ್ಕ್ಯಾನ್ ಮಾಡಿಸಿ ಅನ್ನುವುದು ತಪ್ಪುತ್ತದೆ.

ಇನ್ನು ದರದ ವಿಷಯ. ಅಣ್ಣ ಬಣ್ಣದ ಕೆಲಸಕ್ಕೆ ರೇಟ್ ಹೇಳುವಾಗ ಮೊದಲು ಕೇಳುವುದೇ ‘ಮೆಟೀರಿಯಲ್ ಸೇರಿಯಾ, ಬರೀ ಲೇಬರಾ?’ ಅಂತ. ಎಷ್ಟು ಕೋಟ್, ಪುಟ್ಟಿ ಇದೆಯಾ, ಪ್ರೈಮರ್ ಯಾರದ್ದು, ಯಾವ ಕಂಪನಿ ಬಣ್ಣ ಅನ್ನುವುದು ತೀರ್ಮಾನವಾಗದೆ ಚದರಡಿಗೆ ಇಷ್ಟು ಅಂತ ಹೇಳಿದರೆ ಅದಕ್ಕೆ ಅರ್ಥವಿಲ್ಲ. ಆಸ್ಪತ್ರೆಯ ಪ್ಯಾಕೇಜೂ ಹಾಗೇ. ಕೌಂಟರ್‌ನಲ್ಲಿ ಹೇಳುವ ಅಂಕಿ ಯಾವುದಕ್ಕೆ ಅನ್ನುವುದು ಗೊತ್ತಾಗದಿದ್ದರೆ ಎರಡು ಆಸ್ಪತ್ರೆಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಸಾಧ್ಯವೇ ಇಲ್ಲ. ಹಾಗಾಗಿ ನಾನು ಒಂದು ಹಾಳೆ ಮಾಡಿಕೊಂಡೆ. ಎಲ್ಲಾ ಕಡೆ ಅದೇ ಪ್ರಶ್ನೆ ಕೇಳಿದೆ.

ಪ್ಯಾಕೇಜ್‌ನಲ್ಲಿ ಎಷ್ಟು ಆಂಕರ್ ಸೇರಿವೆ? ಒಂದರ ಬೆಲೆ ಎಷ್ಟು, ಯಾವ ಕಂಪನಿ? ಒಳಗೆ ನೋಡಿದ ಮೇಲೆ ಇನ್ನೊಂದು ಬೇಕಾದರೆ ಎಷ್ಟು ಹೆಚ್ಚಾಗುತ್ತದೆ? ಹರಿದದ್ದನ್ನು ಕತ್ತರಿಸಿ ಶುಚಿ ಮಾಡುವ ಶೇವರ್ ಬ್ಲೇಡ್, ಸುಟ್ಟು ರಕ್ತ ನಿಲ್ಲಿಸುವ ವ್ಯಾಂಡ್, ತೂತಿಗೆ ಹಾಕುವ ಕೊಳವೆ, ಇವೆಲ್ಲಾ ಪ್ಯಾಕೇಜ್ ಒಳಗಾ ಹೊರಗಾ? ಯಾವ ರೂಮ್, ಎಷ್ಟು ರಾತ್ರಿ? ಅರಿವಳಿಕೆ ಡಾಕ್ಟರ ಫೀಸ್ ಸೇರಿದೆಯಾ, ಕೈ ಮರಗಟ್ಟಿಸಲು ಕತ್ತಿನ ಹತ್ತಿರ ಕೊಡುವ ನರ್ವ್ ಬ್ಲಾಕ್ ಇಂಜೆಕ್ಷನ್ ಸೇರಿದೆಯಾ? ಆಪರೇಷನ್ ಮುಂಚಿನ ರಕ್ತ ಪರೀಕ್ಷೆ, ಇಸಿಜಿ, ಶುಗರ್ ಡಾಕ್ಟರ ಭೇಟಿ? ಕೈಗೆ ಹಾಕುವ ದಿಂಬಿನ ಬೆಲ್ಟ್? ಆಮೇಲಿನ ಭೇಟಿಗಳ ಫೀಸ್? ಕೊನೆಯದು, ಇದನ್ನೆಲ್ಲಾ ಬರೆದುಕೊಡುತ್ತೀರಾ?

ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳಿಗೆ ಕೆಪಿಎಂಇ ಕಾಯ್ದೆ ಇದೆ. 2007ರದ್ದು, 2017ರಲ್ಲಿ ತಿದ್ದುಪಡಿಯಾಯಿತು. ಆಗ ಡಾಕ್ಟರುಗಳ ಮುಷ್ಕರವೂ ನಡೆದಿತ್ತು, ನಿಮಗೂ ನೆನಪಿರಬಹುದು. ಆ ಕಾಯ್ದೆ ಪ್ರಕಾರ ಆಸ್ಪತ್ರೆ ತನ್ನ ದರಪಟ್ಟಿಯನ್ನು ಜನರಿಗೆ ಕಾಣುವ ಹಾಗೆ ಹಾಕಬೇಕು. ದರ ಕೇಳಲು ಯಾರೂ ಹಿಂಜರಿಯಬೇಕಾಗಿಲ್ಲ, ಅದು ನಮ್ಮ ಹಕ್ಕು. ಆದರೆ ಗೋಡೆಯ ಮೇಲಿನ ಪಟ್ಟಿಯಲ್ಲಿ ರೂಮ್ ಬಾಡಿಗೆ, ಕನ್ಸಲ್ಟೇಶನ್, ಎಕ್ಸ್-ರೇ ಸಿಗಬಹುದು. ಆಂಕರ್ ಬೆಲೆ ಬಾಯಿಬಿಟ್ಟು ಕೇಳಲೇಬೇಕು.

ಕಾರ್ಪೊರೇಟ್ ಆಸ್ಪತ್ರೆಯಿಂದ ಶುರು ಮಾಡುತ್ತೇನೆ. ಒಳಗೆ ಹೋದ ಕೂಡಲೇ ಕೂರಿಸಿ ಮಾತಾಡಿಸಿದರು. ಸ್ವಲ್ಪ ಹೊತ್ತಿಗೇ ಎಸ್ಟಿಮೇಟ್ ಪ್ರಿಂಟ್ ಕೈಗೆ ಬಂತು. 2,10,000 ರೂಪಾಯಿ. ಇಬ್ಬರು ಹಂಚಿಕೊಳ್ಳುವ ರೂಮ್, ಎರಡು ರಾತ್ರಿ, ಎರಡು ಆಂಕರ್. ಮೂರನೆಯದು ಬೇಕಾದರೆ 32,000 ಹೆಚ್ಚು. ರಕ್ತ ಪರೀಕ್ಷೆ, ಬೆಲ್ಟ್, ಫಿಸಿಯೋ ಎಲ್ಲಾ ಹೊರಗೆ. ಅಲ್ಲಿನ ಡಾಕ್ಟರು ತುಂಬಾ ಒಳ್ಳೆಯವರು. ಎಂಆರ್‌ಐ ಪರದೆ ಮೇಲೆ ಹಾಕಿ ಎಲ್ಲಿ ಹರಿದಿದೆ, ಎಷ್ಟು ಹಿಂದೆ ಸರಿದಿದೆ ಅಂತ ಅಣ್ಣನಿಗೆ ಬಿಡಿಸಿ ಹೇಳಿದರು. ಭುಜದ ಕೇಸುಗಳನ್ನೇ ಹೆಚ್ಚಾಗಿ ಮಾಡುವವರು. ಫಿಸಿಯೋ ವಿಭಾಗ ಅದೇ ಕಟ್ಟಡದಲ್ಲಿ, ಚೊಕ್ಕವಾಗಿದೆ.

ನನಗೆ ಸರಿ ಕಾಣದಿದ್ದದ್ದು ಒಂದೇ. ‘ಇನ್ಶೂರೆನ್ಸ್ ಇದೆಯಾ?’ ಅಂತ ಮೊದಲೇ ಕೇಳಿದರು. ಇದ್ದರೆ ಒಂದು ದರ, ಕೈಯಿಂದ ಕಟ್ಟುವುದಾದರೆ ಒಂದು ದರ. ಇನ್ಶೂರೆನ್ಸ್ ಕಂಪನಿಗಳ ಜೊತೆ ಆಸ್ಪತ್ರೆ ಬೇರೆ ಒಪ್ಪಂದ ಮಾಡಿಕೊಂಡಿರುತ್ತದೆ, ಅದು ಸರಿ. ಆದರೆ ಇನ್ಶೂರೆನ್ಸ್ ದರ ಎಷ್ಟು ಅಂತ ಕೇಳಿದರೆ ‘ಅಡ್ಮಿಟ್ ಆದ ಮೇಲೆ ಟಿಪಿಎ ಡೆಸ್ಕ್‌ನಲ್ಲಿ ಹೇಳುತ್ತಾರೆ’ ಅಂದರು. ಟಿಪಿಎ ಡೆಸ್ಕ್ ಅಂದರೆ ಆಸ್ಪತ್ರೆಯಲ್ಲಿ ಇನ್ಶೂರೆನ್ಸ್ ಕೆಲಸ ನೋಡಿಕೊಳ್ಳುವ ಕೌಂಟರ್. ಮುಂಚೆ ಹೇಳದ ದರವನ್ನು ಹೋಲಿಸುವುದು ಹೇಗೆ? ನಮ್ಮಂಥವರಿಗೆ ಇದು ತುಂಬಾ ಕಷ್ಟ. ಪಾಲಿಸಿ 3 ಲಕ್ಷದ್ದು, ಇಡೀ ಮನೆಗೆ ಅದೊಂದೇ. ಒಂದೇ ಆಪರೇಷನ್‌ಗೆ ಅದರಲ್ಲಿ ಬಹುಪಾಲು ಹೋದರೆ ಆ ವರ್ಷ ಅತ್ತಿಗೆಗೋ ಮಕ್ಕಳಿಗೋ ಏನಾದರೂ ಆದರೆ ಏನು ಮಾಡುವುದು? ಇನ್ಶೂರೆನ್ಸ್ ಕಟ್ಟುತ್ತದೆ ಬಿಡು ಅಂತ ದರ ನೋಡದೇ ಇರುವುದು ದೊಡ್ಡ ಅಪಾಯ.

ಆಮೇಲೆ ಮೂಳೆ ಡಾಕ್ಟರೊಬ್ಬರ ನರ್ಸಿಂಗ್ ಹೋಮ್. ನಮ್ಮ ಬೀದಿಯವರೊಬ್ಬರು ಹೇಳಿ ಕಳಿಸಿದ್ದು. ಆಪರೇಷನ್ ಮಾಡುವವರು ಬೆಂಗಳೂರಿನಿಂದ ವಾರಕ್ಕೊಮ್ಮೆ ಬರುವ ಸರ್ಜನ್. ‘ಎಲ್ಲಾ ಸೇರಿ ಒಂದು ನಲವತ್ತು, ಎಷ್ಟು ಆಂಕರ್ ಆದರೂ ಅಷ್ಟೇ’ ಅಂದರು. ಕೇಳಲು ಚೆನ್ನಾಗಿತ್ತು. ಬರೆದುಕೊಡಿ ಅಂದಾಗ ಮಾತು ತಿರುಗಿತು. ಒಂದು ಭಾಗ ಕ್ಯಾಶ್ ಕೊಟ್ಟು ಬಿಲ್ ಬೇಡ ಅಂದರೆ 15,000 ಕಡಿಮೆ ಮಾಡುತ್ತೇವೆ ಅಂದರು. ಆಂಕರ್ ಕಂಪನಿ ಯಾವುದು ಅಂದರೆ ‘ಒಳ್ಳೆಯದೇ ಹಾಕುತ್ತೇವೆ’ ಅನ್ನುವ ಉತ್ತರ.

ಇದಕ್ಕೆ ನಾನು ಒಪ್ಪಲಿಲ್ಲ. ಬಿಲ್ ಇಲ್ಲದಿದ್ದರೆ ಇನ್ಶೂರೆನ್ಸ್ ಇಲ್ಲ ಅನ್ನುವುದು ಒಂದು. ಅದಕ್ಕಿಂತ ದೊಡ್ಡದು, ಆ ಆಂಕರ್ ಅಣ್ಣನ ಮೂಳೆಯಲ್ಲಿ ಉಳಿಯುವ ವಸ್ತು. ಪ್ರತಿ ಆಂಕರ್ ಡಬ್ಬಿಯ ಮೇಲೂ ಬ್ಯಾಚ್ ನಂಬರ್ ಇರುವ ಸ್ಟಿಕ್ಕರ್ ಬರುತ್ತದೆ. ಆಪರೇಷನ್ ಆದ ಮೇಲೆ ಅದನ್ನು ಕೇಸ್ ಶೀಟ್‌ಗೆ ಅಂಟಿಸುತ್ತಾರೆ. ಎಷ್ಟು ಹಾಕಿದರು, ಯಾವುದು ಹಾಕಿದರು ಅನ್ನುವುದಕ್ಕೆ ನಮ್ಮ ಹತ್ತಿರ ಇರುವ ಒಂದೇ ಸಾಕ್ಷಿ ಅದು. ನಾಳೆ ತೊಂದರೆಯಾಗಿ ಬೇರೆ ಡಾಕ್ಟರ ಹತ್ತಿರ ಹೋದರೆ ಅವರು ಕೇಳುವುದೂ ಅದನ್ನೇ. ಇನ್ನೊಂದು ಯೋಚನೆಯೂ ಇತ್ತು. ಸರ್ಜನ್ ಬೆಂಗಳೂರಿಗೆ ವಾಪಸ್ ಹೋದ ರಾತ್ರಿ ಜ್ವರ ಬಂದರೆ, ಗಾಯ ಕೆಂಪಾದರೆ, ಯಾರನ್ನು ಕೇಳುವುದು?

ಸರ್ಕಾರಿ ಆಸ್ಪತ್ರೆಗೂ ಹೋದೆವು. ಅಲ್ಲಿನ ಡಾಕ್ಟರು ಮಾತಾಡಿದ ರೀತಿ ನನಗೆ ಎಲ್ಲರಿಗಿಂತ ಇಷ್ಟವಾಯಿತು. ‘ನಾವೂ ಮಾಡುತ್ತೇವಮ್ಮ, ಆದರೆ ಆಕ್ಸಿಡೆಂಟ್ ಕೇಸ್‌ಗಳು ಬಂದರೆ ಅವು ಮೊದಲು. ನಿಮ್ಮಣ್ಣಂದು ಮುಂದಕ್ಕೆ ಹೋಗುತ್ತಾ ಇರುತ್ತದೆ. ಕಾಯಲು ಆಗುತ್ತದಾ ನೋಡಿ’ ಅಂದರು. ಇಷ್ಟು ನೇರವಾಗಿ ಹೇಳುವವರು ಕಡಿಮೆ. ಬಿಪಿಎಲ್ ಕಾರ್ಡ್ ಇರುವವರು ದಯವಿಟ್ಟು ಮೊದಲು ಇಲ್ಲಿಗೇ ಹೋಗಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30% ಮಾತ್ರ ಸರ್ಕಾರ ಕಟ್ಟುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ನಮ್ಮದು ಎಪಿಎಲ್. ತುರ್ತಲ್ಲದ ಆಪರೇಷನ್‌ಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಇಲ್ಲದೆ ನೇರ ಖಾಸಗಿಗೆ ಹೋದರೆ ಯೋಜನೆ ಸಿಗುವುದಿಲ್ಲ. ಅಡ್ಮಿಟ್ ಆದ ಮೇಲೆ ಕಾರ್ಡ್ ತೋರಿಸಿ ಜಗಳವಾಡುವುದನ್ನು ನಾನು ಕೌಂಟರ್ ಮುಂದೆ ನಿಂತಾಗ ಕಣ್ಣಾರೆ ನೋಡಿದೆ. ಪಾಪ, ಆ ಹೆಂಗಸಿಗೆ ಯಾರೂ ಮೊದಲೇ ಹೇಳಿರಲಿಲ್ಲ.

ಹಳ್ಳಿಯ ಕಡೆಯವರಿಗೆ ಇನ್ನೊಂದು ದಾರಿ ಯಶಸ್ವಿನಿ. ಸಹಕಾರ ಸಂಘದ ಸದಸ್ಯರಿಗೆ 2003ರಲ್ಲಿ ಶುರುವಾದದ್ದು, ನಡುವೆ ನಿಂತು ಮತ್ತೆ ಬಂದಿದೆ. ಹಾಲಿನ ಡೈರಿ, ಸೊಸೈಟಿ ಸದಸ್ಯತ್ವ ಇರುವವರು ನೋಂದಣಿ ತೆರೆದಿರುವಾಗಲೇ ಮಾಡಿಸಿಟ್ಟುಕೊಳ್ಳಬೇಕು. ಅಣ್ಣ ಯಾವ ಸಂಘದಲ್ಲೂ ಇರಲಿಲ್ಲ, ಹಾಗಾಗಿ ನಮಗೆ ಅದು ಸಿಗಲಿಲ್ಲ.

ಬೆಂಗಳೂರಿಗೆ ಬನ್ನಿ ಅಂತ ಚಿಕ್ಕಪ್ಪನ ಮಗ ತುಂಬಾ ಹೇಳಿದ. ಅವನೇ ಒಂದು ದೊಡ್ಡ ಆಸ್ಪತ್ರೆಯಲ್ಲಿ ವಿಚಾರಿಸಿ 2,85,000 ಅಂತ ಎಸ್ಟಿಮೇಟ್ ಕಳಿಸಿದ. ಜಯನಗರದ ಸಂಜಯ್ ಗಾಂಧಿ ಸಂಸ್ಥೆ ಮೂಳೆ ಮತ್ತು ಅಪಘಾತಕ್ಕಾಗಿಯೇ ಇರುವ ಸರ್ಕಾರಿ ಆಸ್ಪತ್ರೆ, ಅದನ್ನೂ ಹೇಳಿದ. ಬೆಂಗಳೂರಲ್ಲೇ ಇರುವವರು ಅದನ್ನು ಖಂಡಿತ ವಿಚಾರಿಸಬೇಕು. ಆದರೆ ಭುಜದ ಆಪರೇಷನ್ ಒಂದು ದಿನದ ಕೆಲಸವಲ್ಲ. ಹೊಲಿಗೆ ತೆಗೆಸಲು, ತೋರಿಸಲು, ಫಿಸಿಯೋ ಬದಲಾಯಿಸಲು ಮತ್ತೆ ಮತ್ತೆ ಹೋಗಬೇಕು. ಕೈಯನ್ನು ದಿಂಬಿನ ಬೆಲ್ಟ್‌ನಲ್ಲಿ ಕಟ್ಟಿಕೊಂಡು ಬಸ್ಸು ರೈಲಿನಲ್ಲಿ ಓಡಾಡುವುದು ಬೇಡ ಅಂತ ಬಿಟ್ಟೆವು.

ಕೊನೆಗೆ ಆಪರೇಷನ್‌ಗೆ ಹೋದದ್ದು ಮೆಡಿಕಲ್ ಕಾಲೇಜು ಇರುವ ಒಂದು ಟ್ರಸ್ಟ್ ಆಸ್ಪತ್ರೆಗೆ. ಅಲ್ಲಿ ಕಾಯುವುದು ಜಾಸ್ತಿ, ಮೊದಲೇ ಹೇಳುತ್ತೇನೆ. ಚೀಟಿ ಒಂದು ಕಡೆ, ದುಡ್ಡು ಕಟ್ಟುವುದು ಇನ್ನೊಂದು ಕಡೆ, ಎಕ್ಸ್-ರೇ ಮತ್ತೊಂದು ಮಹಡಿ. ಮೊದಲು ಓದುತ್ತಿರುವ ಡಾಕ್ಟರುಗಳು ನೋಡುತ್ತಾರೆ, ಆಮೇಲೆ ದೊಡ್ಡ ಡಾಕ್ಟರು. ಹೇಳಿದ್ದನ್ನೇ ಮತ್ತೆ ಹೇಳಬೇಕಾಗುತ್ತದೆ. ಆದರೆ ನನ್ನ ಹಾಳೆಯ ಪ್ರತಿ ಸಾಲಿಗೂ ಉತ್ತರ ಕೊಟ್ಟ ಜಾಗ ಅದೊಂದೇ. ಬಿಲ್ಲಿಂಗ್ ಕೌಂಟರ್‌ನ ಹುಡುಗ ಸಹಿ ಹಾಕಿ ಕೊಟ್ಟ ಪಟ್ಟಿ ಇಲ್ಲಿದೆ. ಸರ್ಜನ್ ತಂಡಕ್ಕೆ 36,000. ಅರಿವಳಿಕೆ 9,000, ನರ್ವ್ ಬ್ಲಾಕ್ ಸೇರಿ. ಆಪರೇಷನ್ ಥಿಯೇಟರ್ 11,000. ಸೆಮಿ ಸ್ಪೆಷಲ್ ವಾರ್ಡ್ ದಿನಕ್ಕೆ 1,200ರಂತೆ ಮೂರು ದಿನಕ್ಕೆ 3,600. ಆಂಕರ್ ಒಂದಕ್ಕೆ 21,000, ಎರಡಕ್ಕೆ 42,000. ಬ್ಲೇಡ್, ವ್ಯಾಂಡ್, ಕೊಳವೆಗಳಿಗೆ 16,000. ಔಷಧಿ ಅಂದಾಜು 6,000. ಒಟ್ಟು 1,23,600.

ಈ ಪಟ್ಟಿ ಕೈಗೆ ಬಂದ ಮೇಲೆ ಉಳಿದವೂ ಅರ್ಥವಾದವು. ಒಂದು ಆಂಕರ್‌ಗೆ ಇಲ್ಲಿ 21,000, ಕಾರ್ಪೊರೇಟ್‌ನಲ್ಲಿ 32,000. ಎರಡು ಕಡೆಯೂ ಕಂಪನಿ ಹೆಸರು ಕೇಳಿ ಬರೆದುಕೊಂಡಿದ್ದೆ, ಒಂದೇ ಕಂಪನಿ. ಮೊಣಕಾಲಿಗೆ ಹಾಕುವ ಕೃತಕ ಕೀಲಿಗೆ 2017ರಲ್ಲಿ ಔಷಧಿ ಬೆಲೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎನ್‌ಪಿಪಿಎ ಗರಿಷ್ಠ ಬೆಲೆ ಕಟ್ಟಿತು, ಹೃದಯದ ಸ್ಟೆಂಟ್‌ಗೂ ಅದೇ ವರ್ಷ. ಭುಜದ ಆಂಕರ್‌ಗೆ ಹಾಗೆ ಮಿತಿ ಇಲ್ಲ. ಡಬ್ಬಿಯ ಎಂಆರ್‌ಪಿಯನ್ನು ವರ್ಷಕ್ಕೆ 10%ಗಿಂತ ಜಾಸ್ತಿ ಏರಿಸಬಾರದು ಅಂತ 2020ರಿಂದ ನಿಯಮ ಇದೆ, ಅಷ್ಟೇ. ಎಂಆರ್‌ಪಿಗಿಂತ ಎಷ್ಟು ಕಡಿಮೆಗೆ ಕೊಡಬೇಕು ಅನ್ನುವುದು ಆಸ್ಪತ್ರೆಗೆ ಬಿಟ್ಟದ್ದು. ಮೊಣಕಾಲಿಗೆ ಮಾಡಿದ್ದನ್ನು ಭುಜಕ್ಕೂ ಮಾಡಬೇಕು ಅಂತ ನನ್ನ ಬಲವಾದ ಅನಿಸಿಕೆ. ಬಣ್ಣದವರು, ಗಾರೆಯವರು, ಮೂಟೆ ಹೊರುವವರು, ಇವರ ಅನ್ನವೇ ಭುಜದಲ್ಲಿದೆ.

ಎಷ್ಟು ಆಂಕರ್ ಬೇಕು ಅನ್ನುವುದನ್ನು ಯಾರೂ ಮೊದಲೇ ಖಚಿತವಾಗಿ ಹೇಳಲಾರರು. ಹರಿದ ಅಗಲದ ಮೇಲೆ ಹೋಗುತ್ತದೆ. ಒಂದೇ ಸಾಲಿನಲ್ಲಿ ಕಟ್ಟುತ್ತಾರಾ, ಎರಡು ಸಾಲಿನಲ್ಲಾ ಅನ್ನುವುದರ ಮೇಲೂ ಹೋಗುತ್ತದೆ. ಟ್ರಸ್ಟ್ ಆಸ್ಪತ್ರೆಯ ಡಾಕ್ಟರು ‘ಎರಡು ಅಂದುಕೊಳ್ಳಿ, ಮೂರಕ್ಕೆ ತಯಾರಿರಿ’ ಅಂದಿದ್ದರು. ಅಣ್ಣನಿಗೆ ಮೂರೇ ಬೇಕಾಯಿತು. ಆಪರೇಷನ್ ನಡುವೆ ಹೊರಗೆ ಬಂದು ಅತ್ತಿಗೆಗೆ ಹೇಳಿ ಸಹಿ ತೆಗೆದುಕೊಂಡರು. ಮೂರು ಸ್ಟಿಕ್ಕರ್ ಕೇಸ್ ಶೀಟ್‌ನಲ್ಲಿತ್ತು, ಅದರ ಜೆರಾಕ್ಸ್ ನಮ್ಮ ಫೈಲ್‌ನಲ್ಲಿದೆ. ಆ 21,000 ಮತ್ತು ಹೆಚ್ಚಾದ ಔಷಧಿಯ 2,400 ಸೇರಿ 1,47,000 ಆಯಿತು. ಬರೆದುಕೊಟ್ಟದ್ದಕ್ಕೂ ಬಿಲ್‌ಗೂ ಇರುವ ವ್ಯತ್ಯಾಸ ಪೂರ್ತಿ ಲೆಕ್ಕಕ್ಕೆ ಸಿಕ್ಕಿತು. ನನಗೆ ಅದು ಮುಖ್ಯ. ಕಾರ್ಪೊರೇಟ್‌ನಲ್ಲಿ ಇದೇ ಮೂರು ಆಂಕರ್‌ಗೆ 2,42,000 ಆಗುತ್ತಿತ್ತು.

ಇನ್ಶೂರೆನ್ಸ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಜನ ಸೋಲುವುದು ಇಲ್ಲೇ. ಅಣ್ಣನ ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ಮಿತಿ ಇದೆ, ವಿಮೆ ಮೊತ್ತದ 1%, ಅಂದರೆ ದಿನಕ್ಕೆ 3,000. ಕಾರ್ಪೊರೇಟ್‌ನಲ್ಲಿ ಒಬ್ಬರ ರೂಮ್ 7,500. ಹೆಚ್ಚಾದ 4,500 ನಾವು ಕಟ್ಟಿದರೆ ಮುಗಿಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ. 7,500ಕ್ಕೆ 3,000 ಅಂದರೆ 40%. ಸರ್ಜನ್ ಫೀಸ್, ಅರಿವಳಿಕೆ, ಥಿಯೇಟರ್ ಎಲ್ಲಕ್ಕೂ ಕಂಪನಿ 40% ಮಾತ್ರ ಕೊಡಬಹುದು. 90,000 ಸರ್ಜನ್ ಫೀಸ್ ಇದ್ದರೆ 36,000 ಅವರದು, 54,000 ನಮ್ಮದು. ಔಷಧಿ, ಆಂಕರ್, ಪರೀಕ್ಷೆಗಳಿಗೆ ಈ ಕಡಿತ ಹಾಕಬಾರದು ಅಂತ ಇನ್ಶೂರೆನ್ಸ್ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ಸಂಸ್ಥೆಯ ನಿಯಮವಿದೆ. ಹಾಕಿದ್ದರೆ ಪ್ರಶ್ನೆ ಮಾಡಿ. ದಿನಕ್ಕೆ 5,000 ದಾಟಿದ ರೂಮಿಗೆ 2022ರಿಂದ 5% ಜಿಎಸ್‌ಟಿಯೂ ಇದೆ. ಎರಡು ರಾತ್ರಿಯ ಒಳ್ಳೆ ರೂಮಿಗಾಗಿ ಇಷ್ಟು ಕಳೆದುಕೊಳ್ಳಬೇಡಿ. ನಿಮ್ಮ ಪಾಲಿಸಿಯಲ್ಲಿ ಈ ಮಿತಿ ಇದೆಯಾ ಇಲ್ಲವಾ ಅಂತ ಇವತ್ತೇ ತೆಗೆದು ನೋಡಿ.

ಇನ್ನೊಂದು, ಕೇಸ್ ಶೀಟ್‌ನಲ್ಲಿ ಏನು ಬರೆಯುತ್ತಾರೆ ಅನ್ನುವುದು. ಮೂಳೆ ಕೀಲಿನ ಸವೆತಕ್ಕೆ ಎಷ್ಟೋ ಪಾಲಿಸಿಗಳಲ್ಲಿ ಮೊದಲ ಎರಡು ವರ್ಷ ದುಡ್ಡು ಬರುವುದಿಲ್ಲ, ಬಿದ್ದ ಪೆಟ್ಟಾದರೆ ಬರುತ್ತದೆ. ಅಣ್ಣನ ಪಾಲಿಸಿ ಹಳೆಯದು, ಆದರೂ ಏಣಿಯಿಂದ ಬಿದ್ದದ್ದನ್ನು, ತಾರೀಖು ಸಮೇತ, ಮೊದಲ ದಿನವೇ ಡಾಕ್ಟರಿಗೆ ಹೇಳಿ ಬರೆಸಿದ್ದೆವು. ನಡೆದದ್ದನ್ನು ನಡೆದ ಹಾಗೆ ಬರೆಸಿಕೊಳ್ಳುವುದು ನಮ್ಮ ಕೆಲಸ.

ಕ್ಯಾಶ್‌ಲೆಸ್ ಒಪ್ಪಿಗೆ, ಅಂದರೆ ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟುವ ಒಪ್ಪಿಗೆ, ಬೇಗ ಬಂತು. ಡಿಸ್ಚಾರ್ಜ್ ದಿನ ಮಾತ್ರ ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಕೂರಿಸಿದರು. 2024ರ ಐಆರ್‌ಡಿಎಐ ಸುತ್ತೋಲೆ ಪ್ರಕಾರ ಡಿಸ್ಚಾರ್ಜ್ ಒಪ್ಪಿಗೆಯನ್ನು ಕಂಪನಿ ಮೂರು ಗಂಟೆಯೊಳಗೆ ಕೊಡಬೇಕು. ತಡವಾಗಿ ಆಸ್ಪತ್ರೆ ಹೆಚ್ಚು ದುಡ್ಡು ಕೇಳಿದರೆ ಅದು ಕಂಪನಿಯ ಹೊಣೆ. ಇದನ್ನು ಟಿಪಿಎ ಡೆಸ್ಕ್‌ನಲ್ಲಿ ಸಮಾಧಾನವಾಗಿ ಹೇಳಿದೆ, ಆಮೇಲೆ ಫೋನ್ ಮಾಡಿದರು. ಇನ್ಶೂರೆನ್ಸ್ ಕಂಪನಿಯವರು 1,39,700 ಕಟ್ಟಿದರು. ಗ್ಲೌಸ್, ಹೊದಿಕೆ, ಇಂಥ ಪಾಲಿಸಿಯಲ್ಲಿ ಬರದ ವಸ್ತುಗಳ 7,300 ನಾವು ಕಟ್ಟಿದೆವು. ದಿಂಬಿನ ಬೆಲ್ಟ್ ಹೊರಗಿನ ಅಂಗಡಿಯಲ್ಲಿ 2,200ಕ್ಕೆ ಸಿಕ್ಕಿತು, ಒಳಗಿನ ಮೆಡಿಕಲ್‌ನಲ್ಲಿ 3,400 ಇತ್ತು.

ಚಿಕಿತ್ಸೆ ಹೇಗಿತ್ತು? ಒಳ್ಳೆಯದಾಗಿತ್ತು. ಶುಗರ್ ಹತೋಟಿಗೆ ಬರುವವರೆಗೆ ಆಪರೇಷನ್ ಮಾಡುವುದಿಲ್ಲ ಅಂತ ಪಟ್ಟು ಹಿಡಿದರು, ಅದು ಸರಿಯಾದ ಕೆಲಸ. ಬ್ಲಾಕ್ ಕೊಟ್ಟಿದ್ದರಿಂದ ಮೊದಲ ರಾತ್ರಿ ಕೈ ಮರಗಟ್ಟಿ ನೋವೇ ಇರಲಿಲ್ಲ. ಎರಡನೇ ರಾತ್ರಿ ನೋವು ಬಂತು. ಭುಜ ಊದಿಕೊಂಡಿತ್ತು, ಒಳಗೆ ನೀರು ಬಿಟ್ಟು ಮಾಡುವುದರಿಂದ ಹಾಗಾಗುತ್ತೆ, ಇಳಿಯುತ್ತೆ ಅಂತ ಸಿಸ್ಟರ್ ಹೇಳಿದರು, ಇಳಿಯಿತು. ವಾರ್ಡ್‌ನ ಬಾತ್‌ರೂಮ್ ಇನ್ನೂ ಚೊಕ್ಕವಾಗಿರಬೇಕಿತ್ತು. ಊಟ ಸಾಧಾರಣ, ಅತ್ತಿಗೆ ಮನೆಯಿಂದ ತಂದರು.

ನಿಜವಾದ ಖರ್ಚು ಆಸ್ಪತ್ರೆಯಿಂದ ಬಂದ ಮೇಲೆ ಶುರುವಾಗುತ್ತದೆ. ಆರು ವಾರ ಬೆಲ್ಟ್. ಆಮೇಲೆ ತಿಂಗಳುಗಟ್ಟಲೆ ಫಿಸಿಯೋ. ‘ಮೂರು ತಿಂಗಳಿಗೆ ಎದೆ ಮಟ್ಟದ ಗೋಡೆಗೆ ಬ್ರಷ್ ಹಿಡಿಯಬಹುದು, ತಲೆ ಮೇಲೆ ರೋಲರ್ ಆರು ತಿಂಗಳು ಬೇಡ’ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಮಳೆಗಾಲದಲ್ಲಿ ಹೊರಗಿನ ಗೋಡೆ ಕೆಲಸ ಇರುವುದಿಲ್ಲ ಅಂತ ಜೂನ್‌ನಲ್ಲಿ ಮಾಡಿಸಿದೆವು. ಆದರೂ ದಸರಾ ಮುಂಚಿನ ಸೀಸನ್ ಕೈಬಿಟ್ಟಿತು. ಮೈಸೂರಲ್ಲಿ ಬಣ್ಣದವರಿಗೆ ವರ್ಷದ ಸಂಪಾದನೆಯಲ್ಲಿ ದೊಡ್ಡ ಪಾಲು ಆಗಲೇ. ‘ಕೆಲಸ ಬಿಟ್ಟುಕೊಟ್ಟರೂ ಪರವಾಗಿಲ್ಲ ಕಣೇ, ಮತ್ತೆ ಹರಿದುಕೊಳ್ಳುವುದು ಬೇಡ’ ಅಂತ ಅಣ್ಣನೇ ಅಂದ. ಎರಡು ಮನೆ ಕೆಲಸ ಸ್ನೇಹಿತನಿಗೆ ಕೊಟ್ಟ. ಹುಡುಗರನ್ನು ಇಟ್ಟುಕೊಂಡು ನಡೆಸಿದ ಕೆಲಸಕ್ಕೆ ಸೀಲಿಂಗ್ ಹೊಡೆಯಲು ಇನ್ನೊಬ್ಬನಿಗೆ ದಿನಕ್ಕೆ 1,000 ಕೂಲಿ. ಆಸ್ಪತ್ರೆಗಳ ದರ ಹೋಲಿಸುವಾಗ ಈ ತಿಂಗಳುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ದುಡಿಯುವವರಿಗೆ 20,000 ಕಡಿಮೆ ಅನ್ನುವುದಕ್ಕಿಂತ ಚೆನ್ನಾಗಿ ಕಟ್ಟುವ ಕೈ, ಹತ್ತಿರದಲ್ಲೇ ಸಿಗುವ ಡಾಕ್ಟರು ಮುಖ್ಯ.

ಫಿಸಿಯೋ ದರ ಹೀಗಿದೆ. ಮನೆಗೆ ಬಂದರೆ ಒಂದು ಸಲಕ್ಕೆ 600, ಹೊರಗಿನ ಸೆಂಟರ್‌ನಲ್ಲಿ 400, ಅದೇ ಟ್ರಸ್ಟ್ ಆಸ್ಪತ್ರೆಯ ಒಪಿಡಿಯಲ್ಲಿ 150. ಮೊದಲ ವಾರಗಳಲ್ಲಿ ಮನೆಗೆ ಕರೆಸಿದೆವು, ಆಮೇಲೆ ಆಸ್ಪತ್ರೆಗೇ ಹೋದ. 150ರ ಹುಡುಗಿ 600ರವರಿಗಿಂತ ಚೆನ್ನಾಗಿ ಮಾಡಿಸಿದಳು, ಯಾಕೆಂದರೆ ಆಪರೇಷನ್ ಮಾಡಿದ ಡಾಕ್ಟರನ್ನು ಅಲ್ಲೇ ಹೋಗಿ ಕೇಳಿ ಬರುತ್ತಿದ್ದಳು. ಈಗ ಅಣ್ಣನ ಕೈ ಪೂರ್ತಿ ಮೇಲೇಳುತ್ತದೆ, ಬಲ ಇನ್ನೂ ಬರಬೇಕು.

ಪಾಲಿಸಿಯಲ್ಲಿ ಅಡ್ಮಿಟ್ ಆಗುವ ಮುಂಚಿನ 30 ದಿನ, ಡಿಸ್ಚಾರ್ಜ್ ನಂತರದ 60 ದಿನದ ಖರ್ಚೂ ಬರುತ್ತದೆ. ಇದನ್ನು ಆಸ್ಪತ್ರೆಯಲ್ಲಿ ಯಾರೂ ನೆನಪಿಸುವುದಿಲ್ಲ. ಎಂಆರ್‌ಐ ಆದ ತಿಂಗಳೊಳಗೇ ಅಡ್ಮಿಟ್ ಆಗಿದ್ದರಿಂದ ಆ 6,000 ಪೂರ್ತಿ ವಾಪಸ್ ಬಂತು. ಫಿಸಿಯೋಗೆ ಮಾತ್ರ ಡಾಕ್ಟರ ಚೀಟಿ ಇದ್ದ ದಿನಗಳ ಬಿಲ್ ಅಷ್ಟೇ ಒಪ್ಪಿಕೊಂಡರು. ಹಾಗಾಗಿ ಡಿಸ್ಚಾರ್ಜ್ ಆಗುವಾಗಲೇ ಎಷ್ಟು ವಾರ ಫಿಸಿಯೋ, ವಾರಕ್ಕೆ ಎಷ್ಟು ಸಲ ಅಂತ ಡಾಕ್ಟರ ಕೈಯಲ್ಲಿ ಬರೆಸಿ, ಸೀಲ್ ಹಾಕಿಸಿಕೊಂಡು ಬನ್ನಿ.